ಕೆಟ್ಟ ಸುದ್ದಿ ಮೊದಲು ನಿಮ್ಮ ಕಿವಿಗೇ ಬೀಳಲಿ: ಸಪ್ಲೈ ಚೈನ್ ಹೆಡ್ ಕುರ್ಚಿಗೆ ಹೊಸದಾಗಿ ಬಂದವರಿಗೆ

ಪ್ರಮೋಷನ್ ಪತ್ರ ಕೈಗೆ ಬಂದ ಸಂಜೆ ಸ್ವೀಟ್ ಬಾಕ್ಸ್ ಹಂಚಿ, ಮಾರನೇ ದಿನ ಬೆಳಿಗ್ಗೆ ಏಳಕ್ಕೇ ನನಗೆ ಫೋನ್ ಮಾಡುವವರಿದ್ದಾರೆ. “ಮೇಡಂ, ನಿನ್ನೆವರೆಗೂ ಪರ್ಚೇಸ್ ಒಂದೇ ನೋಡ್ತಿದ್ದೆ. ಇವತ್ತಿಂದ ಪ್ಲಾನಿಂಗು, ಸ್ಟೋರ್ಸು, ಡಿಸ್ಪ್ಯಾಚು, ಲಾರಿ, ಎಲ್ಲಾ ನನ್ನ ತಲೆಗೆ ಕಟ್ಟಿದಾರೆ. ಎಲ್ಲಿಂದ ಶುರು ಮಾಡ್ಲಿ?” ಕಳೆದ ತಿಂಗಳು ಇಂಥ ಎರಡು ಫೋನ್ ಬಂದವು. ಅವರಿಬ್ಬರಿಗೂ ಅರ್ಧ ಗಂಟೆಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. 1995ರಲ್ಲಿ ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ ಬಂದು, ಪೀಣ್ಯ ಎರಡನೇ ಹಂತದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತೆಯಾಗಿ ಸೇರಿದೆ. ಕಾರು, ಟ್ರ್ಯಾಕ್ಟರುಗಳ ಒಳಗೆ ಕೂರುವ ಬಿಡಿಭಾಗ ಮಾಡುವ ಕಂಪನಿ. ಬಿನ್ ಕಾರ್ಡಿನ (ಮಾಲಿನ ಜೊತೆ ಇಡುವ ಲೆಕ್ಕದ ಚೀಟಿ) ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಬರೆಯುತ್ತಿದ್ದವಳು 29 ವರ್ಷದ ಮೇಲೆ ಅಲ್ಲೇ ಸಪ್ಲೈ ಚೈನ್ ಹೆಡ್ ಆಗಿ ನಿವೃತ್ತಳಾದೆ. ಎಂಬಿಎ ಇಲ್ಲ. ಇರುವುದು ಹೊಡೆಸಿಕೊಂಡ ಪೆಟ್ಟುಗಳ ಪಟ್ಟಿ.

ಈ ಕುರ್ಚಿಗೆ ಬೇಕಾದ ಗುಣಗಳು ಅಂತ ಕೇಳಿದರೆ ಜನ ದೂರದೃಷ್ಟಿ, ನಾಯಕತ್ವ, ತಂತ್ರಜ್ಞಾನ ಅಂತೆಲ್ಲ ಶುರು ಮಾಡುತ್ತಾರೆ. ನಾನು ಕಂಡ ಒಳ್ಳೆಯ ಹೆಡ್‌ಗಳಲ್ಲಿ ಅರ್ಧ ಜನ ಮೀಟಿಂಗಿನಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ನಾನು ಅಳೆಯುವುದು ಒಂದೇ ಅಳತೆಯಲ್ಲಿ: ಕಾರ್ಖಾನೆಯ ಉತ್ಪಾದನಾ ಲೈನ್ ನಿಲ್ಲುವ ಎಷ್ಟು ಗಂಟೆ ಮುಂಚೆ ಆ ಸುದ್ದಿ ಇವರಿಗೆ ಗೊತ್ತಾಯಿತು? ಮೂರು ವಾರ ಮುಂಚೆ ಗೊತ್ತಾದರೆ ಯಾರು ಬೇಕಾದರೂ ನಿಭಾಯಿಸಬಹುದು. ಮೂರು ಗಂಟೆ ಮುಂಚೆ ಗೊತ್ತಾದರೆ ಎಂಥ ಬುದ್ಧಿವಂತರೂ ವಿಮಾನದಲ್ಲಿ ಸರಕು ತರಿಸಿ ಕೈ ಸುಟ್ಟುಕೊಳ್ಳುತ್ತಾರೆ. ಕೆಟ್ಟ ಸುದ್ದಿ ಬೇಗ ನಿಮ್ಮ ಬಳಿ ಬರಬೇಕು, ಬಂದದ್ದನ್ನು ನೀವು ಬೇಗ ಮುಂದೆ ದಾಟಿಸಬೇಕು. ಉಳಿದದ್ದೆಲ್ಲ ಇದರ ಸುತ್ತಲೇ.

ಗುಟ್ಟು ಮಾಡಿ ಕೆಟ್ಟಿದ್ದು

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. 2011ರ ಅಕ್ಟೋಬರ್. ಆಗ ನಾನು ಪರ್ಚೇಸ್ ಮ್ಯಾನೇಜರ್. ಥಾಯ್ಲೆಂಡಿನಿಂದ ಒಂದು ಕ್ಲಿಪ್ ತರಿಸುತ್ತಿದ್ದೆವು. ಉಗುರಿನಷ್ಟು ದೊಡ್ಡದು, ಅಷ್ಟೇ. ಗ್ರಾಹಕ ಕಂಪನಿಯೇ ಸೂಚಿಸಿದ ವೆಂಡರ್ ಆದ್ದರಿಂದ ಬೇರೆ ಕಡೆ ಮಾಡಿಸುವ ಯೋಚನೆಯೇ ಬಂದಿರಲಿಲ್ಲ. ಒಂದು ದಿನ ಅವರಿಂದ ಮೇಲ್ ಬಂತು: ಸುತ್ತಮುತ್ತ ನೀರು ಬಂದಿದೆ, ಫ್ಯಾಕ್ಟರಿಗೆ ಏನೂ ಆಗಿಲ್ಲ, ಒಂದು ವಾರ ತಡವಾಗಬಹುದು. ನನ್ನ ಹತ್ತಿರ 18 ದಿನದ ಸ್ಟಾಕ್ ಇತ್ತು. ಒಂದು ವಾರ ತಾನೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ನಾಲ್ಕೈದು ದಿನದಲ್ಲಿ ಟಿವಿಯಲ್ಲಿ ಅಯುತಾಯದ ಚಿತ್ರಗಳು ಬರತೊಡಗಿದವು. ಹೋಂಡಾ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಕಾರುಗಳು ಚಾವಣಿವರೆಗೆ ನೀರಲ್ಲಿ. ಅವತ್ತೇ ಪ್ಲಾಂಟ್ ಹೆಡ್ ರೂಮಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕೈಯಲ್ಲೊಂದು ಪರಿಹಾರ ಹಿಡಿದುಕೊಂಡೇ ಹೋಗೋಣ, ಬರಿಗೈಯಲ್ಲಿ ಹೋದರೆ ಬೈಸಿಕೊಳ್ಳಬೇಕು ಅಂತ ಇನ್ನೂ ಆರು ದಿನ ತಳ್ಳಿದೆ. ಹನ್ನೊಂದನೇ ದಿನ ಬಾಯಿ ಬಿಟ್ಟಾಗ ಉಳಿದಿದ್ದು 7 ದಿನದ ಸ್ಟಾಕ್. ಬೈಗುಳ ಹೇಗೂ ಬಿತ್ತು. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಅದಲ್ಲ, ನಮ್ಮ ಟೂಲ್‌ರೂಮಿನ ಮೇಸ್ತ್ರಿ ಆ ಕ್ಲಿಪ್ಪನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡುತ್ತಾ ಹೇಳಿದ ಮಾತು: “ಇದ್ಕೆ ಒಂದು ಕ್ಯಾವಿಟಿದು ಟೆಂಪರರಿ ಮೋಲ್ಡ್ ಹದಿನೈದು ದಿನದಲ್ಲಿ ಮಾಡ್ಕೊಡ್ತಿದ್ನಲ್ಲಮ್ಮ, ಮುಂಚೇನೇ ಹೇಳಿದ್ರೆ.” ಒಂದು ಸಲಕ್ಕೆ ಒಂದೇ ಕ್ಲಿಪ್ ಬರುವ ಅಚ್ಚು ಅಂತ ಅರ್ಥ. ಮೊದಲ ದಿನ ನನ್ನ ಹತ್ತಿರ 18 ದಿನ ಇತ್ತು. ಅವನಿಗೆ ಬೇಕಿದ್ದದ್ದು 15. ಪರಿಹಾರ ನನ್ನ ಮೇಜಿನಿಂದ ನೂರು ಹೆಜ್ಜೆ ದೂರದಲ್ಲಿ ಕೂತು ಟೀ ಕುಡಿಯುತ್ತಿತ್ತು.

ಇದೇ ಕಥೆ ಬಹಳ ದೊಡ್ಡ ಪ್ರಮಾಣದಲ್ಲಿ ಇನ್ನೊಂದು ಕಡೆ ನಡೆದಿದೆ ಅಂತ ಆಮೇಲೆ ಓದಿ ತಿಳಿದೆ. 2000ದ ಮಾರ್ಚ್ 17ರಂದು ಅಮೆರಿಕದ ಅಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿನಿಂದ ಬೆಂಕಿ ಹತ್ತಿತು. ಹತ್ತು ನಿಮಿಷದಲ್ಲಿ ಆರಿಸಿದರು. ಆದರೆ ಧೂಳಿನ ಕಣವೂ ಇರಬಾರದ ಕೋಣೆಗಳಿಗೆ ಹೊಗೆ, ನೀರು ನುಗ್ಗಿತ್ತು. ಗ್ರಾಹಕರಿಗೆ ಹೋದ ಸುದ್ದಿ: ಒಂದು ವಾರ ತಡ. ಆ ಚಿಪ್ಪನ್ನು ನೆಚ್ಚಿಕೊಂಡಿದ್ದ ದೊಡ್ಡ ಕಂಪನಿಗಳು ಎರಡು, ನೋಕಿಯಾ ಮತ್ತು ಎರಿಕ್ಸನ್. ನೋಕಿಯಾದವರು ಆ ಒಂದು ವಾರವನ್ನು ನಂಬಲಿಲ್ಲ. ಆ ಭಾಗವನ್ನು ವಿಶೇಷ ನಿಗಾ ಪಟ್ಟಿಗೆ ಹಾಕಿ, ದಿನಾ ಫೋನ್ ಮಾಡಿ, ನಿಜ ಸಂಗತಿ ತಿಳಿದ ತಕ್ಷಣ ಮೇಲಿನವರೇ ಇಳಿದು ಬೇರೆ ಕಾರ್ಖಾನೆಗಳ ಉತ್ಪಾದನೆಯನ್ನು ತಮಗಾಗಿ ಹಿಡಿದಿಟ್ಟರು. ಎರಿಕ್ಸನ್‌ನಲ್ಲಿ ಸುದ್ದಿ ಕೆಳಗಿನ ಮಟ್ಟದಲ್ಲೇ ವಾರಗಟ್ಟಲೆ ಕೂತಿತು. ಮೇಲಕ್ಕೆ ಹೋದಾಗ ಸಿಗಬಹುದಾದ ಚಿಪ್ಪನ್ನೆಲ್ಲ ಇನ್ನೊಬ್ಬರು ಕೊಂಡಾಗಿತ್ತು. ಸುಮಾರು 40 ಕೋಟಿ ಡಾಲರಿನ ಮಾರಾಟ ತಪ್ಪಿತು. ಮರುವರ್ಷ ಅವರ ಮೊಬೈಲ್ ವ್ಯವಹಾರ ಸೋನಿ ಜೊತೆ ಸೇರಿಹೋಯಿತು.

ಬೆಂಕಿ ಎರಡೂ ಕಂಪನಿಗೆ ಒಂದೇ. ವ್ಯತ್ಯಾಸ ಇದ್ದದ್ದು ಕೆಳಗಿನವರಿಗೆ ಮೇಲಿನವರ ಬಾಗಿಲು ತಟ್ಟುವ ಧೈರ್ಯ ಎಷ್ಟಿತ್ತು ಅನ್ನುವುದರಲ್ಲಿ, ಅಂತ ನನ್ನ ಅನಿಸಿಕೆ.

ಆದ್ದರಿಂದ ಮೊದಲ ವಾರ ಮಾಡಬೇಕಾದ ಕೆಲಸ: ಕೂಗಾಡುವ ಚಾಳಿ ಇದ್ದರೆ ಬಿಡಿ. ಒಮ್ಮೆ ಶಾರ್ಟೇಜ್ ಹೇಳಿದವನ ಮೇಲೆ ಎಲ್ಲರೆದುರು ಹಾರಾಡಿದಿರೋ, ಮುಂದಿನ ಆರು ತಿಂಗಳು ನಿಮಗೆ ಬರುವ ಸುದ್ದಿಯೆಲ್ಲ ಹದ ಮಾಡಿ, ಬಣ್ಣ ಹಚ್ಚಿ ಬರುತ್ತದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ನಿಂತುಕೊಂಡೇ ಮೀಟಿಂಗ್ ಮಾಡಿ. ನಿನ್ನೆ ಏನಾಯಿತು ಅಂತ ಕೇಳಬೇಡಿ, ಅದು ರಿಪೋರ್ಟಿನಲ್ಲಿದೆ. “ನಿಂಗೆ ಇವತ್ತು ಎದೆ ಡವಡವ ಅನ್ನಿಸೋ ಐಟಂ ಯಾವುದು?” ಅಂತ ಪ್ರತಿಯೊಬ್ಬರನ್ನೂ ಕೇಳಿ. ಏನೂ ಇಲ್ಲ ಅಂದವನನ್ನು ಮೀಟಿಂಗ್ ಆದ ಮೇಲೆ ಪಕ್ಕಕ್ಕೆ ಕರೆಯಿರಿ. ಸಾಮಾನ್ಯವಾಗಿ ಅವನ ಹತ್ತಿರವೇ ಎಲ್ಲರಿಗಿಂತ ದೊಡ್ಡದಿರುತ್ತದೆ.

ಸ್ಟೋರ್ಸಿಗೆ ಕಾಲಿಡಿ

ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ನಮ್ಮ ಕಡೆ ಉಂಡೆ ಕೊಬ್ಬರಿ ಅಂದರೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುವುದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡರೆ ಕೊಬ್ಬರಿ. ಅಪ್ಪ ರೈತರ ಮನೆಗೆ ಹೋದರೆ ಏಣಿ ಹತ್ತಿ, ಕಣ್ಣೆದುರಿನ ಕಾಯಿಗಳನ್ನು ಬಿಟ್ಟು ಅಟ್ಟದ ಮೂಲೆಗೆ ಬಗ್ಗಿ ಕೈ ಹಾಕುತ್ತಿದ್ದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗಡಗಡ ಅಂದರೆ ಆಗಿದೆ, ಲೊಳಕ್ ಅಂದರೆ ಇನ್ನೂ ನೀರಿದೆ. ಎಷ್ಟು ಸಾವಿರ ಕಾಯಿ ಇದೆ ಅಂತ ಮನೆಯವರು ಹೇಳಿದ ಲೆಕ್ಕ ಅವರು ಕೇಳಿಸಿಕೊಳ್ಳುತ್ತಿದ್ದರು, ಆದರೆ ದರ ಹೇಳುತ್ತಿದ್ದದ್ದು ಅಲ್ಲಾಡಿಸಿದ ಮೇಲೆಯೇ.

ಕಂಪ್ಯೂಟರಿನಲ್ಲಿರುವ ಸ್ಟಾಕು ಮನೆಯವರು ಹೇಳಿದ ಲೆಕ್ಕದ ಹಾಗೆ. ನಾನು ಹೆಡ್ ಆದ ಮೊದಲ ತಿಂಗಳು ಒಂದು ಐಟಂ ಸಿಸ್ಟಮ್ಮಿನಲ್ಲಿ 1,200 ತೋರಿಸುತ್ತಿತ್ತು. ನಾಲ್ಕನೇ ರ‍್ಯಾಕಿನ ಕೆಳಗಿನ ಅಂತಸ್ತು. ಬಗ್ಗಿ ನೋಡಿದರೆ ಮೂರು ರಟ್ಟಿನ ಪೆಟ್ಟಿಗೆ. ಒಂದರ ಟೇಪು ಕಿತ್ತು ಮತ್ತೆ ಅಂಟಿಸಿದ್ದು. ಇನ್ನೆರಡರ ಹಿಂಭಾಗದಲ್ಲಿ, ಗೋಡೆಗೆ ಆನಿಸಿದ್ದ ಕಡೆ, ಕ್ವಾಲಿಟಿಯವರ ಕೆಂಪು ಟ್ಯಾಗು. ಎಂಟು ತಿಂಗಳ ಹಿಂದಿನ ತಾರೀಖು. ರಿಜೆಕ್ಟ್ ಆದ ಮಾಲು ವಾಪಸ್ ಹೋಗಬೇಕಿತ್ತು. ಕಾಗದ ಯಾರೋ ಮಾಡಿರಲಿಲ್ಲ. ಬಳಸಲು ಬರುವ ಮಾಲು 310. ಪ್ಲಾನಿಂಗಿನ ಹುಡುಗ 1,200 ಇದೆ ಅಂತ ನೆಮ್ಮದಿಯಾಗಿ ಮುಂದಿನ ಆರ್ಡರನ್ನು ಹದಿನೈದು ದಿನ ಮುಂದೂಡಿದ್ದ. ಅವನದೇನು ತಪ್ಪು?

ವಾರಕ್ಕೆ ಎರಡು ಸಲ, ಹೇಳದೆ ಕೇಳದೆ, ಹತ್ತು ಐಟಂ ಎಣಿಸಿ. ಐದನ್ನು ಸಿಸ್ಟಮ್ಮಿನಿಂದ ಆರಿಸಿ ರ‍್ಯಾಕಿಗೆ ಹೋಗಿ ನೋಡಿ, ಇನ್ನೈದನ್ನು ರ‍್ಯಾಕಿನಿಂದ ಆರಿಸಿ ಸಿಸ್ಟಮ್ಮಿನಲ್ಲಿ ಹುಡುಕಿ. ಎರಡನೆಯದನ್ನು ಬಹಳ ಜನ ಮಾಡುವುದಿಲ್ಲ. ಪುಸ್ತಕದಲ್ಲಿಲ್ಲದ ಮಾಲು ಸಿಗುವುದು ಹಾಗೆ ನೋಡಿದರೆ ಮಾತ್ರ. ಕೆಳಗಿನ ಅಂತಸ್ತು, ಮೂಲೆ, ಗೋಡೆಯ ಕಡೆ.

ಲಕ್ಷಗಟ್ಟಲೆ ಕೊಟ್ಟು ಹೊಸ ಸಾಫ್ಟ್‌ವೇರ್ ಹಾಕಿಸುವ ಮಾತು ಬಂದರೆ ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಕೆಂಪು ಟ್ಯಾಗಿನ ಪೆಟ್ಟಿಗೆಯನ್ನು ಅದು ತಾನಾಗಿ ತಿರುಗಿಸಿ ನೋಡುವುದಿಲ್ಲ.

ಸರಾಸರಿ ಅನ್ನುವ ಸುಳ್ಳು

ಲೆಕ್ಕ ಬರಬೇಕು. ಮೇಲ್ಮಟ್ಟದ ಗಣಿತ ಬೇಡ, ಕೂಡಿ ಕಳೆದು ಗುಣಿಸುವುದು ಸಾಕು, ಆದರೆ ಅದು ಬಾಯಿಪಾಠ ಇರಬೇಕು. ಒಂದು ಉದಾಹರಣೆ ಪೂರ್ತಿ ಹಾಕಿ ತೋರಿಸುತ್ತೇನೆ.

ನಾವು ಗುಜರಾತಿನ ಜಾಮ್‌ನಗರದಿಂದ ಪ್ಲಾಸ್ಟಿಕ್ ಭಾಗದೊಳಗೆ ಕೂರಿಸುವ ಹಿತ್ತಾಳೆ ಇನ್ಸರ್ಟ್ ತರಿಸುತ್ತಿದ್ದೆವು. ಹಿತ್ತಾಳೆಯ ಸಣ್ಣ ಭಾಗಗಳಿಗೆ ದೇಶದಲ್ಲಿ ಅದೇ ದೊಡ್ಡ ಊರು. ದಿನಕ್ಕೆ 400 ಬೇಕು. ಆರ್ಡರ್ ಕೊಟ್ಟ ದಿನದಿಂದ ನಮ್ಮ ಸ್ಟೋರ್ಸಿಗೆ ಬರಲು ಸರಾಸರಿ 9 ದಿನ. ಹೊಸಬರು 400 ಇಂಟು 9, ಅಂದರೆ 3,600ಕ್ಕೆ ಇಳಿದಾಗ ಆರ್ಡರ್ ಮಾಡೋಣ ಅನ್ನುತ್ತಾರೆ. ಹಿಂದಿನ ಒಂದು ವರ್ಷದ ರಸೀದಿ ತೆಗೆದು ನೋಡಿದರೆ ಒಮ್ಮೆ 5 ದಿನಕ್ಕೇ ಬಂದಿದೆ, ಒಮ್ಮೆ 16 ದಿನ ಹಿಡಿದಿದೆ. 9 ಅನ್ನುವುದು ಎಲ್ಲೂ ಇಲ್ಲದ ಸಂಖ್ಯೆ. 16 ದಿನಕ್ಕೆ ತಯಾರಿರಬೇಕಾದರೆ 6,400 ಇರುವಾಗಲೇ ಆರ್ಡರ್ ಹೋಗಬೇಕು. ಹೆಚ್ಚುವರಿ 2,800 ಸದಾ ಕೂತಿರುತ್ತದೆ. ಒಂದಕ್ಕೆ 40 ರೂಪಾಯಿ, ಒಟ್ಟು 1,12,000. ಫೈನಾನ್ಸಿನವರು ಇಲ್ಲೇ ಹುಬ್ಬು ಗಂಟಿಕ್ಕುತ್ತಾರೆ. ಬಡ್ಡಿ 11 ಪರ್ಸೆಂಟ್ ಹಿಡಿಯಿರಿ, ವರ್ಷಕ್ಕೆ 12,320. ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ. ಅದು ಕಟ್ಟಿದ ಇನ್ಶೂರೆನ್ಸು. ಗ್ರಾಹಕರ ಲೈನ್ ಒಂದು ಶಿಫ್ಟ್ ನಿಂತರೆ ಎಷ್ಟು ದಂಡ ಅಂತ ಅದೇ ಹಾಳೆಯ ಪಕ್ಕದಲ್ಲಿ ಬರೆದು ಅವರ ಮುಂದಿಡಿ. ನಾನು ಮಾತಾಡದೇ ಹಾಳೆ ತಳ್ಳುತ್ತಿದ್ದೆ. ಸಹಿ ಬೀಳುತ್ತಿತ್ತು.

ಇದರಲ್ಲಿ ಇನ್ನೊಂದು ವಿಷಯ ಅಡಗಿದೆ. ಸರಾಸರಿ 9 ದಿನ, ಆದರೆ 5ರಿಂದ 16ರವರೆಗೆ ಎಗರಾಡುವ ವೆಂಡರಿಗಿಂತ ಯಾವಾಗಲೂ ತಪ್ಪದೆ 12 ದಿನಕ್ಕೆ ಕೊಡುವವನು ನಿಮಗೆ ಅಗ್ಗ, ಅವನ ದರ ತುಸು ಹೆಚ್ಚಿದ್ದರೂ. ಪರ್ಚೇಸಿನಿಂದ ಬಂದ ಹೆಡ್‌ಗಳಿಗೆ ಈ ಮಾತು ಜೀರ್ಣವಾಗಲು ಒಂದು ವರ್ಷ ಬೇಕು. ನನಗೆ ಎರಡು ಬೇಕಾಯಿತು.

ಹಾಗಂತ ಎಲ್ಲಕ್ಕೂ ಅಟ್ಟ ತುಂಬಿಸಿ ಕೂರಬೇಡಿ. ಒಂದು ಮಾಡೆಲ್ ನಿಂತುಹೋದಾಗ ನಾಲ್ಕು ಲಕ್ಷದ ಬೀಜ್ (ತಿಳಿಗಂದು) ಬಣ್ಣದ ಪ್ಲಾಸ್ಟಿಕ್ ಹರಳು ನಮ್ಮಲ್ಲಿ ಉಳಿದು, ಅದನ್ನು ಕೊನೆಗೆ ಬಕೆಟ್ ಮಾಡುವವರಿಗೆ ಕಾಲು ಬೆಲೆಗೆ ಕೊಟ್ಟಿದ್ದೇವೆ.

ಸಣ್ಣವರ ದುಡ್ಡು

ಪೀಣ್ಯದಲ್ಲಿ ಆರು ಜನ, ಎರಡು ಮಷೀನು, ಒಂದು ಶೀಟು ಹೊದಿಸಿದ ಶೆಡ್ಡು ಅನ್ನುವಂಥ ವೆಂಡರುಗಳು ನೂರಾರು. ನಿಮ್ಮ ದೊಡ್ಡ ಅಸೆಂಬ್ಲಿ ನಿಲ್ಲುವುದು ಇಂಥವನೊಬ್ಬನ ಎರಡು ರೂಪಾಯಿ ವಾಷರಿನಿಂದ. ಅವನ ಮಷೀನ್ ಕೆಟ್ಟಾಗ ಅವನು ಮೊದಲು ಯಾರಿಗೆ ಫೋನ್ ಮಾಡುತ್ತಾನೆ? ದುಡ್ಡು ಸರಿಯಾಗಿ ಕೊಡುವವರಿಗೆ. ಮೂರು ತಿಂಗಳು ಸತಾಯಿಸುವ ಕಂಪನಿಗೆ ಅವನು ಫೋನ್ ಎತ್ತುವುದೂ ಇಲ್ಲ, “ಮಾಲು ಲೋಡ್ ಆಗ್ತಿದೆ ಸಾರ್” ಅಂತ ಮೆಸೇಜ್ ಹಾಕಿ ಮಲಗುತ್ತಾನೆ.

2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅನ್ನುತ್ತದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಬಹಳ ವರ್ಷ ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಆದಾಯ ತೆರಿಗೆಯ ಕಡೆಯಿಂದ ಹಿಡಿತ ಬಂದಿದೆ: ಗಡುವು ಮೀರಿದ ಬಾಕಿಯನ್ನು ಆ ವರ್ಷದ ಖರ್ಚು ಅಂತ ತೋರಿಸಲು ಬಿಡುವುದಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಅಕೌಂಟ್ಸಿನವರು ಮಾರ್ಚಿನಲ್ಲಿ ಎದ್ದು ಓಡಾಡುವುದು ಇದಕ್ಕೇ. ನೀವು ಮಾರ್ಚಿಗೆ ಕಾಯಬೇಡಿ. ತಿಂಗಳಿಗೊಮ್ಮೆ ಬಾಕಿ ಪಟ್ಟಿಯನ್ನು ತರಿಸಿ, ಮೊತ್ತದ ಪ್ರಕಾರ ಅಲ್ಲ, ಕಂಪನಿಯ ಗಾತ್ರದ ಪ್ರಕಾರ ಜೋಡಿಸಿ, ಅತಿ ಸಣ್ಣವರಿಂದ ಶುರು ಮಾಡಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಿದೆ ಅಂತಲೋ, ಪಿಒದಲ್ಲಿ (ಖರೀದಿ ಆರ್ಡರಿನಲ್ಲಿ) ದರ ತಿದ್ದಿಲ್ಲ ಅಂತಲೋ ಎಷ್ಟು ಚೆಕ್ಕು ಸುಮ್ಮನೆ ಕೂತಿರುತ್ತವೆ ಅಂತ ನೋಡಿದರೆ ನಿಮಗೇ ನಾಚಿಕೆಯಾಗುತ್ತದೆ.

ಸಂಬಂಧಕ್ಕೆ ಎಷ್ಟು ಬೆಲೆ ಅನ್ನುವುದಕ್ಕೆ ಬಿಡದಿ ಕಡೆಯ ವೆಂಡರುಗಳೆಲ್ಲ ಹೇಳುವ ಒಂದು ಹಳೆಯ ಕಥೆಯಿದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಒಂದು ಕಾರ್ಖಾನೆ ಸುಟ್ಟುಹೋಯಿತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಪುಟ್ಟ ವಾಲ್ವು ಬಹುತೇಕ ಪೂರ್ತಿ ಅಲ್ಲೇ ಆಗುತ್ತಿತ್ತು. ಟೊಯೊಟಾ ಹತ್ತಿರ ಸ್ಟಾಕು ಕೆಲವೇ ಗಂಟೆಗಳದ್ದು. ದೇಶದ ಅವರ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಆಗ ಅಕ್ಕಪಕ್ಕದ ಹತ್ತಾರು ಕಂಪನಿಗಳು, ಹೊಲಿಗೆ ಯಂತ್ರ ಮಾಡುವ ಬ್ರದರ್ ಕೂಡ, ಡ್ರಾಯಿಂಗ್ ತರಿಸಿಕೊಂಡು ತಮ್ಮ ಮಷೀನುಗಳಲ್ಲಿ ಆ ವಾಲ್ವು ಮಾಡತೊಡಗಿದವು. ದರದ ಮಾತೇ ಬರಲಿಲ್ಲ. ಸುಮಾರು ಒಂದು ವಾರದಲ್ಲಿ ಕಾರುಗಳು ಮತ್ತೆ ಲೈನಿನಿಂದ ಇಳಿಯತೊಡಗಿದವು. ಒಂದೇ ವೆಂಡರನ್ನು ನೆಚ್ಚಿದ್ದು ಅವರ ತಪ್ಪು, ಅದನ್ನು ಮುಚ್ಚಿಡುವುದು ಬೇಡ. ನೀವು ನಿಮ್ಮ ಮುಖ್ಯ ಭಾಗಗಳಿಗೆ ಎರಡನೆಯವನನ್ನು ತಯಾರು ಮಾಡಿ, ವರ್ಷಕ್ಕೆ ಕಾಲು ಭಾಗದ ಆರ್ಡರಾದರೂ ಕೊಟ್ಟು ಬದುಕಿಸಿಡಿ. ಸುಮ್ಮನೆ ಪಟ್ಟಿಯಲ್ಲಿ ಹೆಸರಿದ್ದರೆ ಅವನು ಎರಡನೆಯವನಲ್ಲ, ಅಪರಿಚಿತ.

ಗುಂಡ್ಯದಿಂದ ಬಂದ ಫೋನು

ನಮ್ಮ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹರಳು ಮಂಗಳೂರಿನಿಂದ ಬರುತ್ತಿತ್ತು. ಮಂಗಳೂರು–ಬೆಂಗಳೂರು 350 ಕಿಲೋಮೀಟರ್, ಲಾರಿಗೆ ಒಂದು ರಾತ್ರಿ. 2018ರ ಆಗಸ್ಟಿನಲ್ಲಿ ಕೊಡಗು ಕುಸಿದ ಆ ಮಳೆಯಲ್ಲಿ ಒಂದು ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಫೋನ್ ಹೊಡೆದುಕೊಂಡಿತು. ನಮ್ಮ ಮಾಲು ತರುತ್ತಿದ್ದ ಲಾರಿ ಡ್ರೈವರು, ಶಿರಾಡಿ ಘಟ್ಟದ ಬುಡದಿಂದ. “ಅಕ್ಕಾ, ಗುಂಡ್ಯದಲ್ಲಿ ಇದೀನಿ. ಮೇಲೆ ಗುಡ್ಡ ಬರ್ತಾ ಇದೆ ಅಂತಾವ್ರೆ. ಇನ್ನೂ ಬ್ಯಾರಿಕೇಡ್ ಹಾಕಿಲ್ಲ. ಹತ್ಲಾ, ತಿರುಗಿಸ್ಲಾ?”

ತಿರುಗಿಸು ಅಂದೆ. ಅವನ ಹಿಂದೆ ಬರುತ್ತಿದ್ದ ನಮ್ಮ ಇನ್ನೊಂದು ಲಾರಿಗೂ ಅವನೇ ಹೇಳಿದ. ಬೆಳಕಾಗುವಷ್ಟರಲ್ಲಿ ಶಿರಾಡಿ ಬಂದ್, ಸಂಪಾಜೆ ಬಂದ್. ಚಾರ್ಮಾಡಿಯಲ್ಲಿ ಅಷ್ಟು ಭಾರದ ಲಾರಿ ಬಿಡುವುದಿಲ್ಲ. ತಿರುಗಿಸಲು ಜಾಗವಿಲ್ಲದೆ ಸಾಲುಗಟ್ಟಿ ನಿಂತ ಲಾರಿಗಳು ದಿನಗಟ್ಟಲೆ ಅಲ್ಲೇ. ನಮ್ಮವು ಉಡುಪಿ, ಕುಂದಾಪುರ, ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ ಸುತ್ತಿ ತುಮಕೂರು ರೋಡಿಗೆ ಬಂದವು. ದುಪ್ಪಟ್ಟಿಗಿಂತ ಹೆಚ್ಚು ದಾರಿ. ಬಾಡಿಗೆ ಬಿತ್ತು, ಸ್ಟಾಕು ಉಳಿಯಿತು.

ಆ ಡ್ರೈವರು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಮಾಡದೆ ನನಗೇ ಯಾಕೆ ಮಾಡಿದ? ಹಿಂದಿನ ವರ್ಷ ನಮ್ಮ ಗೇಟಿನಲ್ಲಿ ಅವನ ಲಾರಿ ಅನ್‌ಲೋಡ್ ಆಗದೆ ಎರಡು ದಿನ ನಿಂತಿತ್ತು. ಹಾಲ್ಟಿಂಗ್ ಚಾರ್ಜ್ ಕೊಡಲು ನಮ್ಮ ಡಿಸ್ಪ್ಯಾಚಿನವರು ತಕರಾರು ತೆಗೆದಿದ್ದರು. ನಾನು ಗೇಟ್ ರಿಜಿಸ್ಟರ್ ತರಿಸಿ, ಒಳಗೆ ಬಂದ ಹೊತ್ತು ನೋಡಿ, ಅವತ್ತೇ ಕೊಡಿಸಿ ನಂಬರ್ ಬರೆದುಕೊಂಡಿದ್ದೆ. ಅಷ್ಟೇ. ಡ್ರೈವರುಗಳಿಗೆ ಗೇಟಿನ ಹತ್ತಿರ ಒಂದು ಬಚ್ಚಲು, ಕುಡಿಯುವ ನೀರು, ಕೂರಲು ನೆರಳು ಮಾಡಿಸಿ. ಇದಕ್ಕೆ ಆಗುವ ಖರ್ಚು ನಿಮ್ಮ ವರ್ಷದ ಕಾನ್ಫರೆನ್ಸ್ ಫೀಸಿಗಿಂತ ಕಡಿಮೆ.

ಇಂಥ ದಿನ ಎಲ್ಲರೂ ಗುಡ್ಡವನ್ನೇ ನೋಡುತ್ತಿರುತ್ತಾರೆ, ಕಾಗದ ಮರೆಯುತ್ತಾರೆ. 50 ಸಾವಿರ ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್, ಅಂದರೆ ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ಪತ್ರ, ಬೇಕಲ್ಲ, ಅದಕ್ಕೆ ಆಯಸ್ಸಿದೆ. ಆಗ 100 ಕಿಲೋಮೀಟರಿಗೆ ಒಂದು ದಿನ ಇತ್ತು, 2021ರ ಜನವರಿಯಿಂದ 200ಕ್ಕೆ ಒಂದು ದಿನ. ಈಗಿನ ಲೆಕ್ಕದಲ್ಲಿ ಮಂಗಳೂರಿನ ಲಾರಿಗೆ ಎರಡು ದಿನ ಸಿಗುತ್ತದೆ. ಸುತ್ತಿ ಬಂದರೆ ಸಾಲುವುದಿಲ್ಲ. ಅವಧಿ ಮುಗಿಯುವ ಎಂಟು ಗಂಟೆ ಹಿಂದೆ ಮುಂದೆ ವಿಸ್ತರಿಸಿಕೊಳ್ಳಲು ಅವಕಾಶವಿದೆ, ಆ ಕಿಟಕಿ ಭಾನುವಾರ ರಾತ್ರಿ ಬಿದ್ದರೆ ಯಾರು ಲಾಗಿನ್ ಆಗುತ್ತಾರೆ ಅಂತ ಮೊದಲೇ ಹೆಸರು ಬರೆದಿಡಿ. ಅವತ್ತು ನಾನೇ ಅಡುಗೆಮನೆಯಲ್ಲಿ ನಿಂತು ಮಾಡಿದೆ, ಒಲೆಯ ಮೇಲೆ ಹಾಲು ಉಕ್ಕಿತು.

ಬೆಳಿಗ್ಗೆ ಏಳಕ್ಕೆ ಗ್ರಾಹಕರ ಪ್ಲಾನಿಂಗ್ ಮ್ಯಾನೇಜರಿಗೂ ಫೋನ್ ಮಾಡಿದೆ. “ಘಟ್ಟ ಬಂದ್ ಆಗಿದೆ, ನನ್ನ ಹತ್ತಿರ ಐದು ದಿನ ಇದೆ, ಲಾರಿ ಸುತ್ತಿ ಬರ್ತಿದೆ, ಗುರುವಾರ ಸಂಜೆ ಮತ್ತೆ ಹೇಳ್ತೀನಿ.” 2011ರವಳಾಗಿದ್ದರೆ ಲಾರಿ ಬಂದ ಮೇಲೆ ಹೇಳುತ್ತಿದ್ದೆ.

ಕ್ಯಾಲೆಂಡರ್ ವಿಷಯ ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಜುಲೈ–ಆಗಸ್ಟಿನ ಘಟ್ಟ, ಪೊಂಗಲ್ ಹೊತ್ತಿಗೆ ಮಾಯವಾಗುವ ತಮಿಳುನಾಡಿನ ಡ್ರೈವರುಗಳು, ಆಯುಧ ಪೂಜೆ, ದೀಪಾವಳಿ, ಚೀನಾದ ಹೊಸ ವರ್ಷ, ಚುನಾವಣೆಗೆ ಸರ್ಕಾರ ಎತ್ತಿಕೊಳ್ಳುವ ವಾಹನಗಳು, ಕಾವೇರಿ ತೀರ್ಪು ಬರುವ ದಿನ ಅತ್ತಿಬೆಲೆ ಗಡಿ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡು ನಂಬರಿನ ವಾಹನಗಳಿಗೆ ಬೆಂಕಿ ಬಿದ್ದಾಗ ಹೊಸೂರಿನಿಂದ ಒಂದು ಗಂಟೆಯ ದಾರಿ ಸಮುದ್ರದಾಚೆಯಷ್ಟು ದೂರವಾಗಿತ್ತು. ಇವ್ಯಾವೂ ಆಕಸ್ಮಿಕವಲ್ಲ, ತಾರೀಖು ಮಾತ್ರ ಸ್ವಲ್ಪ ಆಚೀಚೆ.

ಸೇಲ್ಸಿನವರ ಮುಂದೆ

ಗಟ್ಟಿತನ ಬೇಕಾಗುವುದು ವೆಂಡರಿನ ಮುಂದೆ ಅಲ್ಲ, ಸೇಲ್ಸ್ ಹೆಡ್ ಮುಂದೆ. ತಿಂಗಳ 26ಕ್ಕೆ ಬಂದು, ಡಿಮ್ಯಾಂಡ್ ಎದ್ದಿದೆ, ಮುಂದಿನ ತಿಂಗಳಿಗೆ ನಲವತ್ತು ಪರ್ಸೆಂಟ್ ಜಾಸ್ತಿ ತರಿಸಿ ಅನ್ನುತ್ತಾರೆ. ಸ್ಪೇರ್ ಪಾರ್ಟಿನ ಅಂಗಡಿಯವನಿಗೆ ನಿಜವಾಗಿ ಬೇಕಿದ್ದದ್ದು 100. ಸಿಗದೇ ಹೋದರೆ ಅಂತ ಅವನು 120 ಬರೆದ. ಡಿಸ್ಟ್ರಿಬ್ಯೂಟರ್ 150 ಮಾಡಿದ. ನಮ್ಮ ಸೇಲ್ಸಿನವರು ಸ್ಕೀಮ್ ಬೇರೆ ಕೊಟ್ಟು 200 ಅಂದರು. ನಾನು ಹೆದರಿ 240ಕ್ಕೆ ಹರಳು ತರಿಸಿದೆ. ಎರಡು ತಿಂಗಳು ಕಳೆದರೆ ಎಲ್ಲರ ಗೋಡೌನೂ ತುಂಬಿ ಆರ್ಡರ್ ಸೊನ್ನೆ. ಚಾಟಿಯ ಹಿಡಿ ಒಂದಿಂಚು ಅಲ್ಲಾಡಿದರೆ ತುದಿ ಮಾರುದ್ದ ಹಾರುತ್ತದಲ್ಲ, ಹಾಗೆ. ಇದಕ್ಕೆ ಬುಲ್‌ವಿಪ್ ಅಂತಲೇ ಹೆಸರು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ತಮ್ಮ ಪ್ಯಾಂಪರ್ಸ್ ಡೈಪರಿನಲ್ಲಿ ಇದನ್ನು ಕಂಡರು. ಮಕ್ಕಳು ಉಚ್ಚೆ ಹೊಯ್ಯುವುದು ದಿನಾ ಒಂದೇ ಸಮ, ಆದರೂ ಕಾರ್ಖಾನೆಗೆ ಬರುವ ಆರ್ಡರು ಮೇಲೆ ಕೆಳಗೆ ಜಿಗಿಯುತ್ತಿತ್ತು.

2020ರ ಲಾಕ್‌ಡೌನಿನಲ್ಲಿ ಕಾರು ಕಂಪನಿಗಳು ಹೆದರಿ ಚಿಪ್ ಆರ್ಡರ್ ಕತ್ತರಿಸಿದವು. ವರ್ಷದ ಕೊನೆಗೆ ಕಾರು ಬೇಕು ಅಂತ ಜನ ಬಂದಾಗ ಆ ಚಿಪ್ ಕಾರ್ಖಾನೆಗಳು ಲ್ಯಾಪ್‌ಟಾಪು, ಫೋನಿನವರಿಗೆ ಮಾತು ಕೊಟ್ಟಾಗಿತ್ತು. 2021 ಪೂರ್ತಿ ಲೈನುಗಳು ನಿಂತು ನಿಂತು ಓಡಿದವು. ನಮಗೂ ಚಿಪ್ಪಿಗೂ ಸಂಬಂಧವಿಲ್ಲ, ನಾವು ಪ್ಲಾಸ್ಟಿಕ್ ಮಾಡುವವರು. ಆದರೂ ನಮ್ಮ ಗೋಡೌನು ಬಾಗಿಲವರೆಗೆ ತುಂಬಿತ್ತು.

ಮಾಡಬೇಕಾದ್ದು ಇಷ್ಟು. ಸೇಲ್ಸಿನವರು ಕೊಟ್ಟ ಸಂಖ್ಯೆಯ ಪಕ್ಕದಲ್ಲಿ ಅಂಗಡಿಯಲ್ಲಿ ನಿಜಕ್ಕೂ ಮಾರಾಟವಾದದ್ದೆಷ್ಟು ಅಂತ ಹಾಕಿ. ಆ ಅಂಕಿ ಇಲ್ಲ ಅಂದರೆ ನೀವೇ ಶನಿವಾರ ಜೆ.ಸಿ. ರಸ್ತೆಗೆ ಹೋಗಿ ನಾಲ್ಕು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು ಕೇಳಿ. ಹಾಗೆ ಕೇಳಿ ಬಂದ ಮೇಲೂ ಅವರು ಒತ್ತಾಯಿಸಿದರೆ, ಹೆಚ್ಚುವರಿ ಮಾಲು ಉಳಿದರೆ ಯಾರ ಖಾತೆಗೆ ಅನ್ನುವುದನ್ನು ಬರೆದು ಸಹಿ ಹಾಕಿಸಿಕೊಳ್ಳಿ. ನಲವತ್ತು ಪರ್ಸೆಂಟ್ ತಟಕ್ಕನೆ ಹನ್ನೆರಡಾಗುತ್ತದೆ. ಜಗಳ ಆಡಬೇಡಿ. ಪೆನ್ನು ಮುಂದಿಡಿ.

ತಂಡಕ್ಕೆ ಯಾರನ್ನು ತಗೊಳ್ಳುವುದು

ಕೊನೆಗೆ ಕೇಳುವ ಪ್ರಶ್ನೆ ಇದು. ನಾನು ಇಂಟರ್‌ವ್ಯೂನಲ್ಲಿ ಡಿಗ್ರಿ, ಸರ್ಟಿಫಿಕೇಟು ಮೇಲೆ ಹೆಚ್ಚು ಹೊತ್ತು ಕಳೆಯುತ್ತಿರಲಿಲ್ಲ. ಒಂದೇ ಪ್ರಶ್ನೆ: “ಹೋದ ಸಲ ನಿಮ್ಮಿಂದ ಲೈನ್ ನಿಂತಾಗ, ನಿಮಗೆ ಗೊತ್ತಾಗಿದ್ದು ಎಷ್ಟು ಗಂಟೆಗೆ, ನಿಮ್ಮ ಬಾಸಿಗೆ ಹೇಳಿದ್ದು ಎಷ್ಟು ಗಂಟೆಗೆ?”

ನನ್ನಿಂದ ಲೈನ್ ನಿಂತೇ ಇಲ್ಲ ಅಂದವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಅರಸೀಕೆರೆ ಕಡೆಯ ಒಬ್ಬ ಹುಡುಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಾಗಿದ್ದು ಮಧ್ಯಾಹ್ನ ಎರಡೂಕಾಲಿಗೆ ಮೇಡಂ. ಹೇಳಿದ್ದು ಸಂಜೆ ಆರಕ್ಕೆ. ಮಧ್ಯೆ ನಾನೇ ಸರಿ ಮಾಡ್ಬಿಡ್ತೀನಿ ಅಂತ ಅಂದ್ಕೊಂಡಿದ್ದೆ” ಅಂದ. ತಲೆ ತಗ್ಗಿಸಿಕೊಂಡೇ ಹೇಳಿದ. ಅವತ್ತೇ ಆಫರ್ ಲೆಟರ್ ಟೈಪ್ ಮಾಡಿಸಿದೆ.

ಈಗ ನನ್ನ ಕುರ್ಚಿಯಲ್ಲಿ ಅವನೇ ಕೂತಿದ್ದಾನೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಐದಕ್ಕೆ ಫೋನ್ ಬಂತು. ನಿವೃತ್ತಳಾದವಳಿಗೆ ಯಾಕಪ್ಪ ಈ ಹೊತ್ತಿನಲ್ಲಿ ಅಂದರೆ, “ಮೇಡಂ, ಗುಂಡ್ಯದ ಆ ಡ್ರೈವರ್ ನಂಬರ್ ನಿಮ್ಮ ಹತ್ರ ಇದ್ಯಾ? ಶಿರಾಡಿಯಲ್ಲಿ ಮಳೆ ಜೋರಿದೆ, ಅವ್ನು ಮೇಲಿದ್ರೆ ನಿಜ ಹೇಳ್ತಾನೆ” ಅಂದ. ಕನ್ನಡಕ ಹುಡುಕಿ ಹಳೆಯ ಡೈರಿ ತೆಗೆದು ನಂಬರ್ ಓದಿ ಹೇಳಿದೆ.